ಕಂಡಕ್ಟರಮ್ಮನ ಎರಡು ಸೀಟಿ

ಬಸ್ಸಿನೊಳಗೆ ಇದ್ದಷ್ಟು ದಿನ ಕಂಡಕ್ಟರಮ್ಮ ಯಾವುದಕ್ಕೂ ಹೆದರಿದವಳಲ್ಲ. ಇಪ್ಪತ್ತೊಂಬತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತುಕೊಂಡೇ ಹೊಟ್ಟೆ ಹೊರೆದವಳು. ಕುಡಿದು ತೂರಾಡುವವರನ್ನು ರಟ್ಟೆ ಹಿಡಿದು ಇಳಿಸಿದ್ದಳು. ಹೆರಿಗೆ ನೋವು ಬಂದ ಹೆಂಗಸೊಬ್ಬಳನ್ನು ಹಿಂದಿನ ಸಾಲಿನಲ್ಲಿ ಮಲಗಿಸಿ, ಉಳಿದ ನಲವತ್ತು ಜನರ ಗೊಣಗಾಟಕ್ಕೆ ಕ್ಯಾರೇ ಅನ್ನದೆ ಬಸ್ಸನ್ನು ಆಸ್ಪತ್ರೆಯ ಬಾಗಿಲಿಗೇ ಒಯ್ಯಿಸಿದ್ದಳು. ಅಂಥವಳು ನಿವೃತ್ತಿಯಾಗಿ ನೆಲಕ್ಕಿಳಿದ ಮೇಲೆ ಮನೆಯ ಮುಂದಿನ ರಸ್ತೆ ದಾಟಲು ಹತ್ತು ನಿಮಿಷ ತೆಗೆದುಕೊಳ್ಳತೊಡಗಿದಳು. ಆ ಬದಿ ನೋಡುವಳು, ಈ ಬದಿ ನೋಡುವಳು, ಒಂದು ಕಾಲು ಇಡುವಳು, ಮತ್ತೆ ತೆಗೆಯುವಳು. ಈಜು ಕಲಿಸುವವಳು ಬಚ್ಚಲಿಗೆ ಹೆದರಿದ ಹಾಗಾಯಿತು ಎಂದು ಮೂಲೆಯ ಸೈಕಲ್ ಅಂಗಡಿಯವನು ಹೇಳಿಕೊಂಡು ನಗುತ್ತಿದ್ದ.

ನಗಲಿ ಬಿಡಿ, ನಗುವವರಿಗೇನು. ಪೂರ್ತಿ ವಿಷಯ ಗೊತ್ತಿದ್ದರೆ ಅವನ ಹಲ್ಲು ಅಷ್ಟು ಕಾಣಿಸುತ್ತಿರಲಿಲ್ಲ.

ಬಸ್ಸು ಹಿಂದಕ್ಕೆ ಬರುವಾಗ ಡ್ರೈವರಿಗೆ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಕಂಡಕ್ಟರ್ ಕೆಳಗಿಳಿದು, ಹಿಂದಿನ ಮೂಲೆಯಲ್ಲಿ ನಿಂತು ಸೀಟಿ ಊದಬೇಕು. ಎರಡು ಸೀಟಿ ಎಂದರೆ ಬಿಡು, ಒಂದು ಎಂದರೆ ನಿಲ್ಲಿಸು. ನಿಲ್ದಾಣದಿಂದ ಹೊರಡುವಾಗಲೂ ಅಷ್ಟೇ. ಡ್ರೈವರ್ ತಿರುಗಿ ನೋಡುವುದಿಲ್ಲ, ಕೇಳುತ್ತಾನೆ. ಕಂಡಕ್ಟರಮ್ಮನ ಜೊತೆಗೆ ಹನ್ನೊಂದು ವರ್ಷ ಒಬ್ಬನೇ ಡ್ರೈವರ್ ಇದ್ದ. ಮಾತು ಕಡಿಮೆ, ಕಿವಿ ಚುರುಕು. ಅವರಿಬ್ಬರ ನಡುವೆ ಮಾತಿಗಿಂತ ಸೀಟಿಯೇ ಹೆಚ್ಚು ಓಡಾಡಿತ್ತು.

ಅವಳು ನಿವೃತ್ತಿಯಾಗಲು ಇನ್ನೂ ಆರು ವರ್ಷವಿತ್ತು. ಒಂದು ಸಂಜೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರಮ್ಮ ಇಳಿದು ಬಸ್ಸಿನ ಹಿಂದೆ ನಿಂತಳು, ನೋಡಿದಳು, ಖಾಲಿಯಿತ್ತು. ಅಷ್ಟರಲ್ಲಿ ಕಿಟಕಿಯಿಂದ ಮುದುಕರೊಬ್ಬರು, ಅಮ್ಮಾ ನನ್ನ ಕೊಡೆ ಕೆಳಗೆ ಬಿತ್ತು ಎಂದರು. ಅವಳು ಬಗ್ಗಿ ಕೊಡೆ ಎತ್ತಿ ಕೊಟ್ಟಳು. ಕೊಡುತ್ತಾ ಕೊಡುತ್ತಾ ಬಾಯಿ ತನ್ನ ಪಾಡಿಗೆ ಎರಡು ಸೀಟಿ ಊದಿಬಿಟ್ಟಿತು. ಬಸ್ಸು ಹಿಂದಕ್ಕೆ ಬಂತು. ತಗಡು ಮುರಿಯುವ ಸದ್ದಾಯಿತು. ಯಾರೋ ಕಿರುಚಿದರು.

ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಹೇಗೋ ಹಾರಿಕೊಂಡಿದ್ದಳು, ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳ ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ಬಸ್ಸಿನ ಅಡಿಯಲ್ಲಿ ಮಡಚಿಕೊಂಡು ಬಿದ್ದಿತ್ತು. ಡ್ರೈವರ್ ಇಳಿದು ಬಂದು ಅದನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತ.

"ನೀವು ಎರಡು ಹೊಡೆದ್ರಿ, ನಾನು ಬಿಟ್ಟೆ," ಎಂದ. "ನಂಗೆ ಬೇರೇನೂ ಗೊತ್ತಿಲ್ಲ ಕಂಡಕ್ಟರಮ್ಮ."

ಅದು ಬೈಗುಳವಾಗಿದ್ದರೆ ಅವಳು ತಿರುಗಿ ಬೈದು ಹಗುರಾಗುತ್ತಿದ್ದಳು. ಬರೀ ನಿಜವಾಗಿತ್ತು, ಅದಕ್ಕೇ ನಾಟಿತು. ಮೇಲಿನವರು ವಿಚಾರಿಸಿದರು, ಹುಡುಗಿಗೆ ಹೊಸ ಚಕ್ರ ಹಾಕಿಸಿಕೊಟ್ಟರು, ವಿಷಯ ಮುಗಿಯಿತು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಅಂದಿನವರೆಗೂ ಅವಳು ಬೆಳಗಿನ ಪಾಳಿಗೆ ಸೈಕಲ್ ಮೇಲೆ ಡಿಪೋಗೆ ಹೋಗುತ್ತಿದ್ದಳು. ಮೊದಲ ಬಸ್ಸು ಹೊರಡಿಸುವವಳಿಗೆ ಬಸ್ಸೆಲ್ಲಿಂದ ಬರಬೇಕು? ಮಾರನೆಯ ದಿನದಿಂದ ಆ ಸೈಕಲ್ಲನ್ನು ಹಿತ್ತಿಲ ಗೋಡೆಗೆ ಒರಗಿಸಿ, ಮುಕ್ಕಾಲು ಗಂಟೆ ಮುಂಚೆ ಎದ್ದು ನಡೆದುಕೊಂಡೇ ಹೋದಳು. ಮನೆಯಲ್ಲಿ ಯಾರಿಗೂ ಕಾರಣ ಹೇಳಲಿಲ್ಲ. ಮಂಡಿನೋವು ಎಂದಳು. ಮಂಡಿನೋವಿನವಳು ನಡೆಯುತ್ತಾಳೆಯೇ ಎಂದು ಮಗಳಿಗೆ ಅನುಮಾನ ಬಂದರೂ ಕೇಳಲಿಲ್ಲ.

ಮಗಳು ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಮೂರರವರೆಗೆ ಅವಳ ಮುಖ ಕಾಣಿಸುವುದಿಲ್ಲ. ಅವಳ ಒಬ್ಬಳೇ ಮಗಳಿಗೆ ಹತ್ತು ವರ್ಷ. ಎಲ್ಲರೂ ಅವಳನ್ನು ಮೆಣಸು ಎಂದು ಕರೆಯುತ್ತಿದ್ದರು, ಗಾತ್ರ ಅಷ್ಟೇ, ಖಾರವೂ ಅಷ್ಟೇ. ಎರಡು ಕೋಣೆಯ ಆ ಮನೆಯಲ್ಲಿ ಮೂರೇ ಜನ, ಮೂವರೂ ಬಾಯಿ ಬಡುಕಿಯರು.

ಕಂಡಕ್ಟರಮ್ಮ ನಿವೃತ್ತಿಯಾದ ಮರುವರ್ಷ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ, ಬೀದಿಯ ಮುಂದೆ ಹಾದು ಶಾಲೆಯ ಕಡೆ ಹೋಗುತ್ತಿದ್ದ ಬಸ್ಸು ದಾರಿ ಬದಲಿಸಿತು. ಶಾಲೆ ಮೂರು ಕಿಲೋಮೀಟರ್ ದೂರ. ನಡೆದರೆ ಒಂದು ಗಂಟೆ. ಮನೆಯ ಮುಂದಿನ ರಸ್ತೆಯನ್ನೇ ದಾಟಲಾರದ ಅಜ್ಜಿಯನ್ನು ಬಿಟ್ಟರೆ ಕರೆದುಕೊಂಡು ಹೋಗುವವರಿಲ್ಲ. ಸೈಕಲ್ ಕೊಡಿಸು ಎಂದು ಮೆಣಸು ಪಟ್ಟು ಹಿಡಿದಳು, ನರ್ಸು ಹೂಂ ಎಂದು ತಲೆಯಾಡಿಸಿದಳು. ನಾನು ಬದುಕಿರುವವರೆಗೆ ಈ ಹುಡುಗಿ ಸೈಕಲ್ ಹತ್ತುವುದಿಲ್ಲ ಎಂದಳು ಕಂಡಕ್ಟರಮ್ಮ. ಹಾಗಾದರೆ ನೀನೇ ಎತ್ತಿಕೊಂಡು ಹೋಗು ಎಂದಳು ಮಗಳು. ಮೂರು ದಿನ ಜಗಳವಾಯಿತು. ನಾಲ್ಕನೆಯ ದಿನ ಕೆಂಪು ಸೈಕಲ್ ಬಂತು. ಬಂದ ಮೇಲೆ ಕಂಡಕ್ಟರಮ್ಮ ಒಂದೇ ಮಾತು ಹೇಳಿದಳು, ಕಲಿಸುವುದಾದರೆ ನಾನೇ ಕಲಿಸಬೇಕು, ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಹೆದರಿದವರಷ್ಟು ಎಚ್ಚರದಿಂದ ಇನ್ಯಾರು ಕಲಿಸುತ್ತಾರೆ ಎಂಬುದು ಅವಳ ಲೆಕ್ಕ.

ಹಿತ್ತಿಲ ಹಳೆಯ ಸೈಕಲ್ ಸೈಕಲ್ ಅಂಗಡಿಗೆ ಹೋಗಿ ಹೊಸ ಟೈರು ಹಾಕಿಸಿಕೊಂಡು ಬಂತು. ಏಳೆಂಟು ವರ್ಷದ ಮೇಲೆ ಅದನ್ನು ಹತ್ತಿದ ಕಂಡಕ್ಟರಮ್ಮ ಮೊದಲ ದಿನ ಕಸದ ತೊಟ್ಟಿಗೆ ಗುದ್ದಿದಳು. ಅಂಗಡಿಯವನಿಗೆ ಒಂದು ವಾರಕ್ಕಾಗುವಷ್ಟು ನಗು ಸಿಕ್ಕಿತು. ಆದರೆ ಅವನೇ ಒಂದು ಉಪಾಯವನ್ನೂ ಹೇಳಿಕೊಟ್ಟ: ಹುಡುಗಿಯ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿ, ಸೀಟು ಇಳಿಸಿ, ಕಾಲಿನಿಂದ ನೆಲ ಒದ್ದುಕೊಂಡು ಓಡಿಸಲಿ, ಬ್ಯಾಲೆನ್ಸು ತಾನಾಗಿ ಬರುತ್ತದೆ. ನಾಲ್ಕೇ ದಿನಕ್ಕೆ ಬಂತು.

ಕಲಿಸಿದ್ದು ಮುಚ್ಚಿದ ಹಳೇ ಡಿಪೋದ ಅಂಗಳದಲ್ಲಿ. ನೆಲದ ಮೇಲೆ ಇನ್ನೂ ಎಣ್ಣೆಯ ಕಲೆ, ಗೋಡೆಯ ಮೇಲೆ ಬಸ್ಸು ನಿಲ್ಲಿಸುವ ಸಂಖ್ಯೆಗಳು. ಕಂಡಕ್ಟರಮ್ಮ ಸುಣ್ಣದಲ್ಲಿ ರಸ್ತೆ ಎಳೆದಳು, ತಿರುವು ಎಳೆದಳು, ಖಾಲಿ ಡ್ರಮ್ಮುಗಳನ್ನು ನಿಂತ ಕಾರೆಂದು ಇಟ್ಟಳು. ನಿಂತ ಕಾರಿನ ಪಕ್ಕದಲ್ಲಿ ಒಂದು ಬಾಗಿಲಿನಷ್ಟು ಜಾಗ ಬಿಟ್ಟು ಹೋಗಬೇಕು, ಯಾವ ಪುಣ್ಯಾತ್ಮ ಯಾವಾಗ ಬಾಗಿಲು ತೆಗೆಯುತ್ತಾನೋ ಹೇಳಲಾಗದು ಎಂದು ಹೇಳಿಕೊಟ್ಟಳು, ಹಿಂದೆ ಬರುವವರಿಗೆ ತೋರಿಸುವ ಕೈಸನ್ನೆಗಳನ್ನೂ ಕಲಿಸಿದಳು. ನೋಡಿದ ಬೀದಿಯ ತಾಯಂದಿರು ತಮ್ಮ ಮಕ್ಕಳನ್ನೂ ಕಳಿಸಿದರು. ಮೆಣಸು ಸೇರಿ ನಾಲ್ವರಾದರು.

ಒಂದು ದಿನ ಹಳೆಯ ಡ್ರೈವರ್ ಊಟದ ಬಿಡುವಿನಲ್ಲಿ ಖಾಲಿ ಬಸ್ಸನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಅವಳೇ ಕೇಳಿಕೊಂಡಿದ್ದಳು. ಡ್ರೈವರಿಗೆ ಯಾವ ಜಾಗ ಕಾಣುವುದಿಲ್ಲ ಎಂದು ತಿಳಿಯಲೆಂದು ಮಕ್ಕಳನ್ನು ಒಬ್ಬೊಬ್ಬರಾಗಿ ಅವನ ಸೀಟಿನಲ್ಲಿ ಕೂರಿಸಿ, ಉಳಿದವರನ್ನು ಬಸ್ಸಿನ ಸುತ್ತ ನಿಲ್ಲಿಸಿದಳು. ಮೆಣಸಿನ ಸರದಿ ಬಂದಾಗ ಕಂಡಕ್ಟರಮ್ಮ ತಾನೇ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಿ ನಿಂತಳು. ಹುಡುಗಿ ಆ ಕನ್ನಡಿ ನೋಡಿದಳು, ಈ ಕನ್ನಡಿ ನೋಡಿದಳು. ಅಜ್ಜಿ ಎಲ್ಲೂ ಇರಲಿಲ್ಲ.

"ಅಜ್ಜೀ, ಎಲ್ಲಿದ್ದೀಯ?" ಎಂದು ಕೂಗುವಾಗ ಆ ಖಾರದ ಹುಡುಗಿಯ ದನಿ ನಡುಗಿತು.

ಇಲ್ಲೇ ಇದ್ದೀನಿ ಎಂದು ಕಂಡಕ್ಟರಮ್ಮ ಬಸ್ಸಿನ ಮೈಯನ್ನು ಅಂಗೈಯಿಂದ ಬಡಿದಳು. ಅವಳ ಕಾಲಿನ ಪಕ್ಕದಲ್ಲೇ ಅವಳ ಸೊಂಟದೆತ್ತರದ ಚಕ್ರವಿತ್ತು.

ಅಂಗಳದ ಪಾಠ ಮುಗಿದು ರಸ್ತೆಗೆ ಇಳಿಯುವ ದಿನ, ಅವಳು ಪೆಟ್ಟಿಗೆಯ ತಳದಿಂದ ತನ್ನ ಸೀಟಿ ತೆಗೆದಳು. ಹಿತ್ತಾಳೆಯದು, ಕಪ್ಪು ದಾರದ್ದು. ಮಕ್ಕಳು ಸಾಲಾಗಿ ಮುಂದೆ, ಅವಳು ಕೊನೆಯಲ್ಲಿ. ಒಂದು ಸೀಟಿ ಎಂದರೆ ನಿಲ್ಲಿ, ಎರಡು ಎಂದರೆ ಹೊರಡಿ. ನಿಯಮ ಅಷ್ಟೇ. ಮಕ್ಕಳಿಗೆ ಅದು ಆಟದ ಹಾಗೆ ಹಿಡಿಸಿತು. ಅವಳಿಗೂ ಧೈರ್ಯ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಂದೆ ಮುಂದೆ ಅಕ್ಕಪಕ್ಕ ಎಲ್ಲವನ್ನೂ ಅವಳೇ ನೋಡುವಳು. ಕೊಡೆ ಬೀಳಲಿ, ಆಕಾಶವೇ ಬೀಳಲಿ, ನೋಡದೆ ಊದುವುದಿಲ್ಲ ಎಂದು ತೀರ್ಮಾನಿಸಿದ್ದಳು. ಒಂದೂವರೆ ತಿಂಗಳಲ್ಲಿ ಒಬ್ಬರಿಗೂ ಒಂದು ಗೀರು ಆಗಲಿಲ್ಲ. ಒಂದೇ ದಾರಕ್ಕೆ ಪೋಣಿಸಿದ ಹಾಗೆ ನಾಲ್ಕು ಸೈಕಲ್ಲೂ ನಿಲ್ಲುವುದು, ಹೊರಡುವುದು ನೋಡಿ ಬೀದಿಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಕಂಡಕ್ಟರಮ್ಮನ ನಡಿಗೆಯೇ ಬದಲಾಯಿತು, ರಸ್ತೆ ದಾಟುವ ಹತ್ತು ನಿಮಿಷ ಐದಕ್ಕೆ ಇಳಿಯಿತು.

ಶಾಲೆ ಶುರುವಾಗಲು ಎರಡು ವಾರ ಉಳಿದಿತ್ತು. ಅಂದು ಮೊದಲ ಸಲ ಶಾಲೆಯವರೆಗಿನ ಪೂರ್ತಿ ದಾರಿ. ಬೀದಿ ದಾಟಿ, ಕಿರಿದಾದ ಸೇತುವೆ ದಾಟಿ, ಆಸ್ಪತ್ರೆಯ ರಸ್ತೆಯಲ್ಲಿ ಸಾಗಿದರೆ ಕೊನೆಗೆ ದೊಡ್ಡ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಸಿಗ್ನಲ್ ದೀಪವಿಲ್ಲ, ಪೊಲೀಸಿನವರಿಲ್ಲ. ಲಾರಿಗಳು ಇಳಿಜಾರಿನಲ್ಲಿ ಬಿಟ್ಟ ಬಾಣದ ಹಾಗೆ ಬರುತ್ತವೆ. ಆಚೆ ಬದಿಯಲ್ಲಿ ಶಾಲೆಯ ಉದ್ದನೆಯ ಹಳದಿ ಗೋಡೆ. ಕಂಡಕ್ಟರಮ್ಮ ಒಂದು ಸೀಟಿ ಊದಿದಳು. ನಾಲ್ಕೂ ಸೈಕಲ್ ಬಿಳಿ ಗೆರೆಯ ಹಿಂದೆ ನಿಂತವು. ಮೆಣಸು ಮೊದಲು. ಮೂಲೆಯ ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿತ್ತು. ದೂರದಲ್ಲಿ ಸಿಮೆಂಟಿನ ಲಾರಿ ಬರುತ್ತಿತ್ತು. ಅದು ಹೋಗಲಿ ಎಂದು ಕಂಡಕ್ಟರಮ್ಮ ಕಾದಳು.

ಪೀ, ಪೀ.

ಊದಿದ್ದು ಅವಳಲ್ಲ. ಆ ಬಸ್ಸಿನ ಕಂಡಕ್ಟರ್. ಯಾರೋ ಹತ್ತಿದರು, ಬಾಗಿಲು ಮುಚ್ಚಿತು, ಅವನು ಎರಡು ಸೀಟಿ ಊದಿದ, ಬಸ್ಸು ಹೊರಟಿತು. ಅದರ ಜೊತೆಗೇ ಕೆಂಪು ಸೈಕಲ್ಲೂ ಹೊರಟಿತು. ಮೆಣಸು ಆ ಕಡೆ ನೋಡಲಿಲ್ಲ, ಈ ಕಡೆ ನೋಡಲಿಲ್ಲ. ಕತ್ತು ನೆಟ್ಟಗೆ ಇಟ್ಟುಕೊಂಡು ದೊಡ್ಡ ರಸ್ತೆಯ ನಡುವಿಗೆ ಹೋದಳು.

ಕಂಡಕ್ಟರಮ್ಮನಿಗೆ ಊದಲು ಉಸಿರೇ ಬರಲಿಲ್ಲ. ಬ್ರೇಕು ಕಿರುಗುಟ್ಟಿತು. ಟೈರು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅವಳು ಕಣ್ಣು ಮುಚ್ಚಿಕೊಂಡಳೋ ಕಣ್ಣೇ ಕತ್ತಲೆ ಹಾಕಿತೋ, ತೆಗೆದು ನೋಡಿದಾಗ ಲಾರಿಯ ಮುಂಭಾಗಕ್ಕೂ ಸೈಕಲ್ಲಿಗೂ ನಡುವೆ ಒಂದು ಮೊಳ ಜಾಗವಿತ್ತು. ಆ ಜಾಗದ ಈಚೆ ಹುಡುಗಿ ಒಂದು ಕಾಲು ಊರಿ ನಿಂತಿದ್ದಳು. ಲಾರಿಯವನು ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಹಿಂದಿದ್ದ ಮೂವರು ಮಕ್ಕಳಲ್ಲಿ ಒಬ್ಬ ಜೋರಾಗಿ ಅಳತೊಡಗಿದ.

ಕಂಡಕ್ಟರಮ್ಮ ಸೈಕಲ್ ಎಸೆದು ಓಡಿಹೋಗಿ ಮೊಮ್ಮಗಳನ್ನು ಎಳೆದುಕೊಂಡು ಬಂದಳು. ಯಾಕೆ ಹೋದೆ, ಯಾಕೆ ಹೋದೆ ಎಂದು ಭುಜ ಹಿಡಿದು ಅಲುಗಾಡಿಸಿದಳು. ಹುಡುಗಿ ಬೆರಗಾಗಿ ಅವಳ ಮುಖ ನೋಡಿದಳು. ತಾನು ತಪ್ಪು ಮಾಡಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

"ಎರಡು ಹೊಡೆದೆಯಲ್ಲ ಅಜ್ಜಿ," ಎಂದಳು. "ಅದಕ್ಕೇ ಬಿಟ್ಟೆ."

ಮನೆಗೆ ಎಲ್ಲರೂ ಸೈಕಲ್ ತಳ್ಳಿಕೊಂಡು ಬಂದರು. ಕಂಡಕ್ಟರಮ್ಮ ಕೆಂಪು ಸೈಕಲ್ಲನ್ನು ಹಿತ್ತಿಲ ಕಂಬಕ್ಕೆ ಸರಪಳಿ ಹಾಕಿ ಬಿಗಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದ ಮೂವರ ತಾಯಂದಿರ ಬಾಗಿಲಿಗೆ ಹೋಗಿ ನಡೆದದ್ದನ್ನು ತಾನೇ ಹೇಳಿದಳು. ಇಬ್ಬರು ಅಂದೇ ಮಕ್ಕಳನ್ನು ಬಿಡಿಸಿಕೊಂಡರು, ಮೂರನೆಯವಳು ಮರುದಿನ. ಮೂರು ಗಂಟೆಗೆ ಮಗಳು ಬಂದಾಗ ಅವಳಿಗೂ ಹೇಳಿದಳು. ಹೇಳುತ್ತಾ ಹೇಳುತ್ತಾ ಹಳೆಯದೂ ಹೊರಬಂತು: ಆ ಸಂಜೆ, ಆ ಕೊಡೆ, ಮಡಚಿದ ಚಕ್ರ, ಡ್ರೈವರಿನ ಮಾತು. ಇಷ್ಟು ವರ್ಷದ ಮಂಡಿನೋವಿನ ಗುಟ್ಟು ಅಂದು ಬಯಲಾಯಿತು.

ನರ್ಸು ಸಮವಸ್ತ್ರ ಕೂಡ ಬದಲಿಸದೆ ಕೂತು ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದಳು ಕಂಡಕ್ಟರಮ್ಮ. ಬೈಯಲಿಲ್ಲ.

"ನಾನು ದಿನಾ ನೋಡೋದು ರಸ್ತೇಲಿ ಬಿದ್ದು ಬಂದವರನ್ನೇ ಅಮ್ಮ. ನಂಗೆ ಭಯ ಇಲ್ಲ ಅಂದ್ಕೊಂಡಿದ್ದೀಯಾ?" ಎಂದಳು. "ಆದ್ರೆ ನೀನು ಅವಳ ಹಿಂದೆ ಎಷ್ಟು ವರ್ಷ ಅಂತ ಸೀಟಿ ಊದ್ಕೊಂಡು ಓಡ್ತೀಯ?"

ಬದುಕಿರುವಷ್ಟು ವರ್ಷ ಎಂಬುದು ಕಂಡಕ್ಟರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದು ಮಗಳ ಪ್ರಶ್ನೆಗೆ ಉತ್ತರವಲ್ಲ ಎಂದು ಅವಳಿಗೇ ಗೊತ್ತಾಯಿತು.

ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚುವಳು. ಬೀದಿಯಲ್ಲಿ ಯಾವ ಹುಡುಗನೋ ಶಿಳ್ಳೆ ಹಾಕಿದರೆ ಬಾಗಿಲಿಗೆ ಓಡಿಬರುವಳು. ಮೂರನೆಯ ದಿನ ಹಳೆಯ ಡ್ರೈವರ್ ಬಂದ. ಊರಿಗೆಲ್ಲ ಗೊತ್ತಾದದ್ದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಹೊಸ್ತಿಲಲ್ಲೇ ಕೂತ. ಆಮೇಲೆ, ನಿಮಗೆ ಒಂದು ವಿಷಯ ಹೇಳಬೇಕು, ಹೇಳಿದರೆ ಬೇಜಾರಾಗುತ್ತೆ ಎಂದ. ಬೇಜಾರಿಗೆ ಇನ್ನು ಜಾಗವೇ ಉಳಿದಿಲ್ಲ, ಹೇಳಿ ಅಣ್ಣ ಎಂದಳು ಅವಳು.

"ಆವತ್ತಿನಿಂದ ನಾನು ನಿಮ್ಮ ಸೀಟಿಗೆ ಬಸ್ಸು ಬಿಟ್ಟಿಲ್ಲ. ನೀವು ಊದ್ತಿದ್ರಿ, ನಾನು ಕತ್ತು ಹೊರಗೆ ಹಾಕಿ ಒಂದ್ಸಲ ನೋಡ್ಕೊಂಡು ಆಮೇಲೆ ಬಿಡ್ತಿದ್ದೆ. ಕಾಣದೆ ಇದ್ರೆ ಇಳಿದು ನೋಡ್ತಿದ್ದೆ. ಆರು ವರ್ಷ. ನೀವು ನೊಂದ್ಕೋತೀರ ಅಂತ ಹೇಳಲಿಲ್ಲ."

ಕಂಡಕ್ಟರಮ್ಮನಿಗೆ ಮೊದಲು ಉರಿಯಿತು. ಆರು ವರ್ಷ ತಾನು ಉಸಿರು ಕಟ್ಟಿ ಊದಿದ್ದೆಲ್ಲ ಬರೀ ಗಾಳಿಯೇ? ಇವನು ಸಿಗರೇಟು ಸೇದಲು ಇಳಿಯುತ್ತಾನೆ ಎಂದುಕೊಂಡು ಎಷ್ಟು ಸಲ ಗದರಿದ್ದಳು. ಆಮೇಲೆ ನಿಧಾನವಾಗಿ ಇನ್ನೊಂದು ಹೊಳೆಯಿತು. ಆ ಆರು ವರ್ಷ ಏನೂ ಆಗದೆ ಹೋದದ್ದಕ್ಕೆ ತನ್ನ ಸೀಟಿಯಷ್ಟೇ ಕಾರಣವಲ್ಲ, ಅವನ ಕತ್ತೂ ಕಾರಣ. ಅವಳು ಮಕ್ಕಳಿಗೆ ಸೀಟಿ ಕೊಟ್ಟಿದ್ದಳು, ಕತ್ತು ಕೊಟ್ಟಿರಲಿಲ್ಲ.

ಡ್ರೈವರ್ ಹೋದ ಮೇಲೆ ಸೀಟಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಸರಪಳಿ ಬಿಚ್ಚಿದಳು. ಮೆಣಸನ್ನು ಕರೆದು, ಇವತ್ತಿನಿಂದ ನಾನು ಮೂಗಿ, ನೀನೇ ಮಾತಾಡಬೇಕು ಎಂದಳು. ಮೂಗಿಯಾಗುವುದು ಅಜ್ಜಿಗೆ ಬರುತ್ತದೆಯೇ ಎಂದು ಹುಡುಗಿ ಕೇಳಿದಳು. ಕೇಳಿದ್ದು ಸರಿಯಾಗಿಯೇ ಇತ್ತು.

ಹೊಸ ಪಾಠ ಹೀಗಿತ್ತು. ಹುಡುಗಿ ಮುಂದೆ ಹೋಗುತ್ತಾ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು: ಮುಂದೆ ನಿಂತ ಕಾರು, ಒಳಗೆ ಜನ ಇದ್ದಾರೆ, ದೂರ ಸರಿಯುತ್ತೇನೆ, ಗೇಟಿನಿಂದ ನಾಯಿ, ಹಿಂದೆ ಹಾಲಿನ ವ್ಯಾನು. ಹಿಂದೆ ನಿಜವಾಗಿ ನೋಡಿದಳೋ ಬರೀ ಕತ್ತು ತಿರುಗಿಸಿದಳೋ ತಿಳಿಯಲು ಕಂಡಕ್ಟರಮ್ಮ ಒಂದು ಕೈ ಎತ್ತಿ ಬೆರಳು ತೋರಿಸುವಳು. ಹುಡುಗಿ ಹ್ಯಾಂಡಲ್ ಅಲುಗಿಸದೆ ಭುಜದ ಮೇಲಿಂದ ನೋಡಿ ಎಷ್ಟು ಬೆರಳು ಎಂದು ಕೂಗಬೇಕು. ಮೊದಲ ದಿನ ಹತ್ತರಲ್ಲಿ ನಾಲ್ಕು ಸಲ ಸುಳ್ಳು ಹೇಳಿದಳು, ಎರಡು ಸಲ ಚರಂಡಿಗೆ ಇಳಿದಳು.

ಕಷ್ಟ ಹುಡುಗಿಗಲ್ಲ, ಅಜ್ಜಿಗೆ. ಹುಡುಗಿ ತಡಮಾಡಿದಾಗ, ಸಂದೇಹಪಟ್ಟಾಗ, ಹೋಗಬಹುದಾದಾಗ ಹೋಗದೆ ನಿಂತಾಗ ತುಟಿ ಪಿಟಕ್ಕೆನ್ನಬಾರದು. ಜೀವ ಬಾಯಿಗೆ ಬಂದರೂ ಬಾಯಿ ತೆರೆಯಬಾರದು. ಅವಳು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಲ್ಲಿನಲ್ಲಿ ಕಚ್ಚಿಕೊಂಡು ಸೈಕಲ್ ತುಳಿದಳು. ಹಲ್ಲುನೋವೇ ಕಂಡಕ್ಟರಮ್ಮ ಎಂದು ಅಂಗಡಿಯವನು ಕೇಳಿದರೆ ತಲೆಯಾಡಿಸಿದಳು. ಸಂಜೆಗೆ ದವಡೆ ನಿಜವಾಗಿಯೇ ನೋಯುತ್ತಿತ್ತು.

ದೊಡ್ಡ ರಸ್ತೆಗೆ ಮತ್ತೆ ಹೋದ ಮೊದಲ ದಿನ ಮೆಣಸೂ ಹೆದರಿದಳು. ಬಿಳಿ ಗೆರೆಯ ಹಿಂದೆ ಕಾಲೂರಿ ನಿಂತವಳು ಕದಲಲೇ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ರಸ್ತೆ ಎರಡು ಸಲ ಪೂರ್ತಿ ಖಾಲಿಯಾಯಿತು, ಅವಳು ಹೋಗಲಿಲ್ಲ. ಒಮ್ಮೆ ತಿರುಗಿ ಅಜ್ಜಿಯ ಮುಖ ನೋಡಿದಳು, ಹೇಳು ಎನ್ನುವ ಹಾಗೆ. ಕಂಡಕ್ಟರಮ್ಮ ಕರವಸ್ತ್ರ ಕಚ್ಚಿ ಬೇರೆ ಕಡೆ ನೋಡಿದಳು. ಅಂದು ಇಬ್ಬರೂ ದಾಟದೆ ಹಿಂದಿರುಗಿದರು. ಮಾರನೆಯ ದಿನವೂ ಅಷ್ಟೇ ಆಯಿತು. ಮೂರನೆಯ ದಿನ ಹುಡುಗಿ ಆ ಕಡೆ, ಈ ಕಡೆ, ಮತ್ತೆ ಆ ಕಡೆ ನೋಡಿ, ಬಸ್ಸು ದೂರ, ಲಾರಿ ಇಲ್ಲ, ನಾನು ಹೋಗ್ತೀನಿ ಎಂದು ತನಗೆ ತಾನೇ ಹೇಳಿಕೊಂಡು ದಾಟಿದಳು. ಆಚೆ ಹೋಗಿ ಹಳದಿ ಗೋಡೆಗೆ ಒರಗಿ ಅತ್ತುಬಿಟ್ಟಳು. ಕಂಡಕ್ಟರಮ್ಮನೂ ಅತ್ತಳು. ಆಮೇಲೆ ಶಾಲೆ ಶುರುವಾಗುವವರೆಗೆ ದಿನಕ್ಕೆ ಎರಡು ಸಲ ದಾಟಿದರು.

ಸೋಮವಾರ ಬಂತು. ಹುಡುಗಿ ಒಬ್ಬಳೇ ಹೋಗುವ ದಿನ. ನರ್ಸು ಆರಕ್ಕೆ ಹೊರಡುವ ಮುಂಚೆ ತಾಯಿಯಿಂದ ಮಾತು ತೆಗೆದುಕೊಂಡಳು: ಮನೆ ಬಿಟ್ಟು ಕದಲಬಾರದು. ಕಂಡಕ್ಟರಮ್ಮ ಕದಲುವುದಿಲ್ಲ ಎಂದು ಮಾತು ಕೊಟ್ಟಳು. ಎಂಟು ಗಂಟೆಗೆ ಟೈರು ಒತ್ತಿ ನೋಡಿದಳು, ಬ್ರೇಕು ಹಿಡಿದು ನೋಡಿದಳು, ಹುಡುಗಿಯ ಹಳದಿ ಚೀಲದ ಪಟ್ಟಿಯನ್ನು ಮೂರು ಸಲ ಬಿಗಿದಳು. ಸಾಕು ಅಜ್ಜಿ, ಉಸಿರಾಡೋಕೆ ಬಿಡು ಎಂದು ಮೆಣಸು ಬಾಗಿಲು ದಾಟಿದಳು. ಬೀದಿಯ ತಿರುವಿನಲ್ಲಿ ಹಳದಿ ಚೀಲ ಕಾಣದಾಯಿತು.

ಕೊಟ್ಟ ಮಾತು ಎಷ್ಟು ಹೊತ್ತು ನಿಂತಿತು? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ನೀರೂ ಪೂರ್ತಿ ಇಳಿಯಲಿಲ್ಲ. ಮೊಳೆಯ ಮೇಲಿನ ಸೀಟಿಯನ್ನು ಕಿತ್ತುಕೊಂಡು, ಬಾಗಿಲಿಗೆ ಬೀಗವನ್ನೂ ಹಾಕದೆ ಕಂಡಕ್ಟರಮ್ಮ ಹಳೆಯ ಸೈಕಲ್ ಹತ್ತಿದಳು. ಅಂಗಡಿಯವನು ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಸೇತುವೆಯ ಮೇಲೆ ಹಳದಿ ಚೀಲ ಕಂಡಿತು. ಅವಳು ವೇಗ ತಗ್ಗಿಸಿ, ತರಕಾರಿ ವ್ಯಾನೊಂದರ ಹಿಂದೆ ಅಡಗಿಕೊಂಡು ಹೋದಳು. ಅರವತ್ತೊಂದು ವರ್ಷದವಳು ಕಳ್ಳಿಯ ಹಾಗೆ ಮೊಮ್ಮಗಳ ಹಿಂದೆ ಬಿದ್ದಿದ್ದಳು. ನಾಚಿಕೆಯಾಯಿತು, ಆದರೆ ಭಯದ ಮುಂದೆ ನಾಚಿಕೆ ಯಾವ ಲೆಕ್ಕ? ನಿಂತ ಕಾರು ಕಂಡಾಗಲೆಲ್ಲ ಹುಡುಗಿ ದೂರ ಸರಿಯುತ್ತಿದ್ದಳು. ಸರಿಯುವ ಮುಂಚೆ ಹಿಂದೆ ನೋಡುತ್ತಿದ್ದಳೇ? ವ್ಯಾನು ಅಡ್ಡವಿದ್ದದ್ದರಿಂದ ಅದೊಂದು ಮಾತ್ರ ಅಜ್ಜಿಗೆ ಕಾಣಲಿಲ್ಲ.

ಆಸ್ಪತ್ರೆಯ ಗೇಟಿಗೆ ವ್ಯಾನು ತಿರುಗಿಕೊಂಡಿತು. ಕಂಡಕ್ಟರಮ್ಮ ಬಯಲಲ್ಲಿ ಉಳಿದಳು. ಮುಂದೆ ಐವತ್ತು ಹೆಜ್ಜೆ ದೂರದಲ್ಲಿ ಬಿಳಿ ಗೆರೆ, ಗೆರೆಯ ಹಿಂದೆ ಕೆಂಪು ಸೈಕಲ್, ಅದರಾಚೆ ದೊಡ್ಡ ರಸ್ತೆ. ಮೂಲೆಯ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಇಳಿಜಾರಿನ ತುದಿಯಲ್ಲಿ ಲಾರಿಯೊಂದು ಕಾಣಿಸಿಕೊಂಡಿತು. ಎಲ್ಲವೂ ಆ ದಿನದ ಹಾಗೆಯೇ ಇತ್ತು. ಅವಳ ಕೈ ತಾನಾಗಿ ಸೀಟಿಯನ್ನು ಬಾಯಿಗೆ ತಂದಿತು. ಒಂದೇ ಒಂದು ಊದಿದರೆ ಹುಡುಗಿ ನಿಲ್ಲುತ್ತಾಳೆ. ಊದಿದರೆ ನಾಳೆಯೂ ಊದಬೇಕು, ನಾಡಿದ್ದೂ ಊದಬೇಕು, ತಾನಿಲ್ಲದ ದಿನ ಯಾರೋ ಊದಿದ್ದಕ್ಕೆ ಇವಳು ಹೊರಡುತ್ತಾಳೆ. ಹಿತ್ತಾಳೆ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು.

ಪೀ, ಪೀ.

ಬಸ್ಸಿನ ಕಂಡಕ್ಟರ್ ಊದಿದ. ಬಸ್ಸು ಹೊರಟಿತು.

ಕೆಂಪು ಸೈಕಲ್ ಕದಲಲಿಲ್ಲ. ಹಳದಿ ಚೀಲ ನಿಂತಲ್ಲೇ ನಿಂತಿತ್ತು. ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಮೆಣಸು ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೆ ಆ ಕಡೆ. ಆಮೇಲೆ ಭುಜದ ಮೇಲಿಂದ ಹಿಂದಕ್ಕೆ ತಿರುಗಿದಳು. ಬರೀ ಕತ್ತು ತಿರುಗಿಸಿದ್ದಲ್ಲ, ನೋಡಿದಳು. ನೋಡಿದ್ದರಿಂದಲೇ ರಸ್ತೆಯ ನಡುವೆ ಸೀಟಿ ಕಚ್ಚಿಕೊಂಡು ನಿಂತಿದ್ದ ಅಜ್ಜಿ ಕಣ್ಣಿಗೆ ಬಿದ್ದಳು.

ಸಿಕ್ಕಿಬಿದ್ದ ಕಂಡಕ್ಟರಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಹತ್ತು ದಿನದ ಅಭ್ಯಾಸದಿಂದ ಕೈ ಮೇಲೆದ್ದು ಮೂರು ಬೆರಳು ತೋರಿಸಿತು.

"ಮೂರು," ಎಂದು ಹುಡುಗಿ ಅಲ್ಲಿಂದಲೇ ಕೂಗಿದಳು. ಹಾಗೆ ಕೂಗಿ, ತನ್ನ ಕೈಯನ್ನು ಪಕ್ಕಕ್ಕೆ ಚಾಚಿ, ಅಂಗೈಯನ್ನು ನೆಲದ ಕಡೆಗೆ ಎರಡು ಸಲ ಒತ್ತಿ ತೋರಿಸಿದಳು. ಹಿಂದೆ ಬರುವವರೇ, ನಿಲ್ಲಿ. ಡಿಪೋದ ಅಂಗಳದಲ್ಲಿ ಸುಣ್ಣದ ಗೆರೆಯ ಮೇಲೆ ಅಜ್ಜಿಯೇ ಕಲಿಸಿದ ಸನ್ನೆ ಅದು.

ಕಂಡಕ್ಟರಮ್ಮ ನಿಂತಲ್ಲೇ ನಿಂತಳು. ಮೆಣಸು ಇನ್ನೊಮ್ಮೆ ಎರಡೂ ಕಡೆ ನೋಡಿಕೊಂಡು ದೊಡ್ಡ ರಸ್ತೆಗೆ ಇಳಿದಳು. ಆ ಎಂಟು ಹತ್ತು ತುಳಿತವನ್ನು ಅಜ್ಜಿ ಒಂದೊಂದಾಗಿ ಎಣಿಸಿದಳು. ಹಳದಿ ಚೀಲ ಹಳದಿ ಗೋಡೆಯನ್ನು ಸೇರಿತು, ಗೋಡೆಯ ಗುಂಟ ಸಾಗಿತು, ಗೇಟಿನೊಳಗೆ ಹೋಯಿತು.

ಭಯ ಹೋಯಿತೇ ಎಂದರೆ ಇಲ್ಲ. ಸಂಜೆ ನಾಲ್ಕಕ್ಕೆ ಹುಡುಗಿ ಇದೇ ರಸ್ತೆಯನ್ನು ಮತ್ತೆ ದಾಟಬೇಕು, ನಾಳೆ ಮತ್ತೆ ಎರಡು ಸಲ. ಕಂಡಕ್ಟರಮ್ಮ ಬಾಯಿಯಿಂದ ಸೀಟಿ ತೆಗೆದು ಕರವಸ್ತ್ರದಲ್ಲಿ ಸುತ್ತಿ ಕಟ್ಟಿದಳು. ಆಮೇಲೆ ಕತ್ತು ತಿರುಗಿಸಿ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಸರಿಯಾಗಿ ನೋಡಿ, ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಿಕೊಂಡಳು.